ತೂತಿನಿಂದ ಬಿದ್ದ ಚೂರು

ಎಪ್ಪತ್ತರ ದಶಕದಲ್ಲಿ ನಾನು ಸೇಲಂನಲ್ಲಿ ಬೆಳ್ಳಿ ಕಾಲ್ಗೆಜ್ಜೆಯ ದಲ್ಲಾಳಿ. ದೊಡ್ಡದನ್ನು ಕಡಿಮೆಗೆ ಕೊಳ್ಳುವುದೇ ಕಸುಬು. ಚಿಕ್ಕದು ಬೇಕೆಂದು ಜಗ್ಗಾಡಿದ್ದು ಒಂದೇ ಸಲ, ಅದೂ ಅಕ್ಕನ ಗಂಡನಿಗಾಗಿ.

ಮಾರಂಡಹಳ್ಳಿಯ ಈ ಭಾವ ಒಂದು ಲ್ಯಾಬಿನಲ್ಲಿ ಸಂಶೋಧನೆಗೆ ಸೇರಿದ್ದರು. ಭಯಂಕರ ಚಳಿಯಲ್ಲಿ ಸೀಸದ ಬೆರಕೆಯೊಳಗೆ ಕರೆಂಟು ತಡೆಯೇ ಇಲ್ಲದೆ ಹರಿಯುತ್ತದಂತೆ. ಅಯಸ್ಕಾಂತ ಹಿಡಿದರೆ ಅದರ ಬಲ ಹೊಗೆನಕಲ್ಲಿನ ನೀರಿನಂತೆ ಸುಳಿಸುಳಿಯಾಗಿ ಒಳಗೆ ನುಗ್ಗುತ್ತದಂತೆ. ದೊಡ್ಡ ತುಂಡಿನಲ್ಲಿ ಲೆಕ್ಕವಿಲ್ಲದಷ್ಟು ಸುಳಿ; ಒಂದೆರಡೇ ಹಿಡಿಸುವಷ್ಟು ಪುಟ್ಟ ತುಂಡಿನಲ್ಲಿ ಅವು ಏನು ಮಾಡುತ್ತವೆ ಎಂದು ನೋಡುವುದು ಭಾವನ ಕೆಲಸ. ತಣಿಸುವ ಯಂತ್ರ ಅವರ ಪಾಲಿಗೆ ಸಿಗುವುದು ಸೋಮವಾರ ಒಂದೇ ದಿನ. ಅಂದು ಏನೂ ತೋರಿಸದಿದ್ದರೆ ಅವರ ಜಾಗ ಬೇರೆಯವರಿಗೆ.

ಗೆಜ್ಜೆ ಮಾಡುವ ಆಚಾರಿಗೆ, ಭಾವ ಕೊಟ್ಟ ಬೆರಕೆಯನ್ನು ತೆಳ್ಳಗೆ ತಟ್ಟಿ, ರಾಗಿಗಿಂತ ಸಣ್ಣ ಬಿಲ್ಲೆ ಕತ್ತರಿಸಲು ಹೇಳಿದೆ. "ಎರುಂಬುಕ್ಕು ಕೊಲುಸಾ?" ಎಂದ. ಇರುವೆಗೆ ಗೆಜ್ಜೆ ಮಾಡಿಸುತ್ತೀಯಾ ಅಂತ.

ಶನಿವಾರ ಹತ್ತು ಬಿಲ್ಲೆ ಬಂದವು. ಭಾವ ಭೂತಗನ್ನಡಿ ಹಿಡಿದು ನೋಡಿ ನೆಲದ ಮೇಲೆ ಕೂತುಬಿಟ್ಟರು. ಪ್ರತಿಯೊಂದರ ನಡುವೆಯೂ ಒಂದು ತೂತು. ತೂತಿಲ್ಲದ ಮಣಿ ಪೋಣಿಸಲಾಗದು ಎಂದು ಆಚಾರಿ ಪುಕ್ಕಟೆಯಾಗಿ ಉಳಿಯಿಂದ ಹೊಡೆದಿದ್ದ.

"ತೂತಿದ್ರೆ ಸುಳಿ ಅದ್ರಾಗೇ ಓಗಿ ಕೂತ್ಕೊಂತೈತೆ ಕಣ್ಲಾ. ನಾನೇನ್ ನೋಡ್ಲಿ?"

ನಾನು ಆಚಾರಿಯ ಹತ್ತಿರ ಓಡಿದೆ. ಮತ್ತೆ ತಟ್ಟಲು ಬೆರಕೆಯೂ ಇರಲಿಲ್ಲ, ಹೊತ್ತೂ ಇರಲಿಲ್ಲ. ಅಷ್ಟು ನಾಜೂಕಿನ ಕೆಲಸಕ್ಕೆ ತಕರಾರೇ ಎಂದು ಅವನಿಗೂ ಬೇಜಾರು. ಆಗ ನನ್ನ ಕಣ್ಣು ಅವನು ತಟ್ಟುವ ಅಡೆಗಲ್ಲಿನ ಕೆಳಗೆ ಹೋಯಿತು. ನೀವೂ ಕೊಳ್ಳುವಾಗ ಸರಕಿಗಿಂತ ಮೊದಲು ಆ ಜಾಗ ನೋಡಿ. ಯಾವ ಆಚಾರಿಯೂ ಪುಡಿಯನ್ನು ಗುಡಿಸಿ ಎಸೆಯುವುದಿಲ್ಲ. ತೂತು ಹೊಡೆದಾಗ ಉದುರಿದ ಚೂರುಗಳು ಅಲ್ಲೇ ತಟ್ಟೆಯಲ್ಲಿದ್ದವು, ಬಿಲ್ಲೆಗಿಂತಲೂ ಸಣ್ಣವು, ತೂತಿಲ್ಲದವು. ಅವನ್ನು ಕೊಸರಾಗಿ ಕೊಡು ಎಂದೆ.

ಆಚಾರಿ ನನ್ನನ್ನೇ ದಿಟ್ಟಿಸಿದ. ತೂತೂ ನಿನ್ನದೇ, ತೂತಿನೊಳಗಿದ್ದದ್ದೂ ನಿನ್ನದೇನಾ ಎಂದು ಕೇಳಿದ. ಹೌದೆಂದೆ. ಒದ್ದೆ ಸೂಜಿಯ ಮೊನೆಯಿಂದ ಎತ್ತಿ ಕೊಟ್ಟ, ಒಂಬತ್ತು. ಹತ್ತನೆಯದು ಹಾರಿಹೋಗಿದೆ ಎಂದ. ಅದಕ್ಕೂ ಕಾಲು ಗಂಟೆ ವಾದ ಮಾಡಿದೆ.

ಮುಂದಿನ ವಾರ ಭಾವ ನಗುತ್ತಾ ಬಂದರು. ಜಾಗ ಉಳಿದಿತ್ತು. ಚೂರಿನಲ್ಲಿ ಹಿಡಿಸಿದ್ದು ಒಂದೇ ಸುಳಿಯಂತೆ. ಅಯಸ್ಕಾಂತದ ಬಲ ಎಷ್ಟೋ ಏರುವವರೆಗೆ ಅಂಚಿನಲ್ಲೇ ತಡೆದು ನಿಂತು, ಆಮೇಲೆ ಗಬಕ್ಕನೆ ಒಳಗೆ. ಬಲ ಇಳಿಸಿದರೂ ಹೊರಗೆ ಬರಲೊಲ್ಲದು.

"ನಿನ್ನಂಗೇ ಕಣ್ಲಾ ಅದು," ಎಂದರು. "ಅಂಗ್ಡಿ ಒಳಕ್ಕೆ ಬಂದ್ರೆ, ಬಾಗ್ಲಾಕಿದ್ರೂ ಓಗಾಕಿಲ್ಲ."