ರಂಗಸ್ವಾಮಣ್ಣನಿಗೆ ನಾವು ಹೊದಿಸಿದ ಶಾಲು

ನಿನ್ನೆ ಮಾಡಿದ ಕೆಲಸಗಳು ಇವು. ಬೆಳಿಗ್ಗೆ ಹಾಲು ಕಾಯಿಸಿದೆ, ಬಾಗಿಲು ಸಾರಿಸಿ ರಂಗೋಲಿ ಎಳೆದೆ, ಹುರುಳಿಕಾಳು ನೆನೆಹಾಕಿದೆ. ಇವರ ಅಂಗಿಗೆ ಗುಂಡಿ ಹೊಲಿದೆ. ತೊಟ್ಟಿಕ್ಕುವ ಹಿತ್ತಲ ನಲ್ಲಿಗೆ ಬಟ್ಟೆ ಸುತ್ತಿದೆ. ಅದು ಬಟ್ಟೆಯ ಮೂಲಕವೇ ತೊಟ್ಟಿಕ್ಕಿತು. ಆಮೇಲೆ, ಬಿಸಿಲು ಚೆನ್ನಾಗಿದೆಯಲ್ಲ ಎಂದು ಟ್ರಂಕಿನಲ್ಲಿದ್ದ ಶಾಲುಗಳನ್ನು ತೆಗೆದು ತಂತಿಯ ಮೇಲೆ ಹರವಿದೆ. ನುಸಿಗುಳಿಗೆಯ ವಾಸನೆ ಹಿತ್ತಲು ದಾಟಿ ಪಕ್ಕದ ಮನೆಯವರೆಗೂ ಹೋಗಿರಬೇಕು.

ಸನ್ಮಾನದ ಶಾಲುಗಳ ಕಷ್ಟ ನಿಮಗೂ ಗೊತ್ತಿರಬಹುದು. ಚಳಿಗೆ ಹೊದೆಯೋಣವೆಂದರೆ ತೆಳು, ಬೇರೆಯವರಿಗೆ ಕೊಡೋಣವೆಂದರೆ ಸಂಕೋಚ. ಒಂದು ಕಾಲದಲ್ಲಿ ನಾನು ಹಾಸನದ ಆರ್ಕೆಸ್ಟ್ರಾ ಒಂದರಲ್ಲಿ ಹಾಡುತ್ತಿದ್ದೆ, ಇವರು ಅದರಲ್ಲೇ ಗಿಟಾರ್ ನುಡಿಸುತ್ತಿದ್ದರು. ಹಾಗಾಗಿ ನಮ್ಮ ಮನೆಯಲ್ಲಿ ಶಾಲುಗಳಿಗೆ ಬರವಿಲ್ಲ. ಹಾಡಿ ಎಂದು ಕರೆಯುವವರು ಮಾತ್ರ ಈಗ ಯಾರೂ ಇಲ್ಲ.

ಶಾಲು ಹರವಿ ತಿರುಗಿದರೆ ಬಾಗಿಲಲ್ಲಿ ಜಯಕ್ಕ ನಿಂತಿದ್ದರು, ರಂಗಸ್ವಾಮಣ್ಣನ ಹೆಂಡತಿ. ಅವರನ್ನು ನೋಡಿ ಎಷ್ಟೋ ವರ್ಷಗಳಾಗಿದ್ದವು.

"ಕಣ್ಣು ತೋರ್ಸಕ್ಕೆ ಬಂದಿದ್ದೆ ಕಣಮ್ಮ. ಅಂಗೇ ನಿನ್ನ ಮಕ ನೋಡ್ಕಂಡು ಓಗಾನ ಅಂತ ಬಂದೆ," ಎಂದರು.

ರಂಗಸ್ವಾಮಣ್ಣ ಹೊಳೆನರಸೀಪುರದಲ್ಲಿ ಆಂಪ್ಲಿಫೈಯರ್ ಮಾಡುತ್ತಿದ್ದರು. ಮರದ ಪೆಟ್ಟಿಗೆ, ಅದರ ಮೇಲೆ ಹಳದಿ ಬಣ್ಣದಲ್ಲಿ ಅವರೇ ಬರೆದ ಹೆಸರು: ತುಂಬುರು. ನಾವೆಲ್ಲ ತುಂಬುರು ಕಂಪನಿ ಎನ್ನುತ್ತಿದ್ದೆವು. ಕಂಪನಿ ಎಂದರೆ ಅವರ ಮನೆಯ ಪಡಸಾಲೆ, ಒಂದು ಮೇಜು, ಬೆಸುಗೆ ಹಾಕುವ ಕಡ್ಡಿ, ಮೇಜಿನ ಕೆಳಗೆ ಮಲಗಿದ ಬೆಕ್ಕು. ಆದರೂ ಅರಕಲಗೂಡಿನಿಂದ ಚನ್ನರಾಯಪಟ್ಟಣದವರೆಗೆ, ಮದುವೆಮನೆಯಲ್ಲಿ ಹಾಡುವವರಿಂದ ಹಿಡಿದು ಹರಿಕಥೆ ಮಾಡುವವರ ತನಕ, ಯಾರ ಹತ್ತಿರ ನೋಡಿದರೂ ತುಂಬುರು.

ಅವರಲ್ಲೊಂದು ಪದ್ಧತಿಯಿತ್ತು. ಪೆಟ್ಟಿಗೆ ಬೇಕಾದವರು ಆ ಪಡಸಾಲೆಗೆ ಹೋಗಿ ಹಾಡಬೇಕು, ಇಲ್ಲವೇ ನುಡಿಸಬೇಕು. ಅವರು ಎದುರಿಗೆ ಕೂರುತ್ತಿರಲಿಲ್ಲ. ಅಡುಗೆಮನೆಯಲ್ಲಿ ಜಯಕ್ಕನ ಪಕ್ಕ ಕೂತು ಅವರೆಕಾಯಿ ಸುಲಿಯುತ್ತಾ ಕೇಳುತ್ತಿದ್ದರು. ಕೇಳಿದ ದನಿಗೆ ತಕ್ಕಂತೆ ಪೆಟ್ಟಿಗೆ ಮಾಡಿಕೊಡುತ್ತಿದ್ದರು. ಯಾಕೆ ಹೀಗೆ ಎಂದು ನಾನೊಮ್ಮೆ ವಿಚಾರಿಸಿದ್ದೆ.

"ಎದುರಿಗೆ ಕುಂತ್ರೆ ಮಕ ಕೇಳುಸ್ತದೆ ಕಣಮ್ಮ, ದನಿ ಕೇಳ್ಸಲ್ಲ," ಎಂದರು.

ನನ್ನದು ತಗ್ಗಿನ ದನಿ. ಆ ಕಾಲದಲ್ಲಿ ಹೆಂಗಸು ಹಾಡಿದರೆ ಗಾಜಿನ ಬಳೆ ಸದ್ದಾದಂತೆ ಇರಬೇಕು ಎಂದು ಎಲ್ಲರ ಆಸೆ. ನಾನು ಪಾಪ, ಎಳೆದೆಳೆದು ಏರಿಸುತ್ತಿದ್ದೆ. ರೆಕಾರ್ಡ್ ಮಾಡಿದ ಕ್ಯಾಸೆಟ್ ಕೇಳಿದರೆ ನನಗೇ ನನ್ನ ಮೇಲೆ ಕನಿಕರ ಬರುತ್ತಿತ್ತು. ಪೆಟ್ಟಿಗೆಗೆಂದು ಹೋಗಿ ಹಾಡಿದ ದಿನ ರಂಗಸ್ವಾಮಣ್ಣ ಅಡುಗೆಮನೆಯಿಂದಲೇ ಕೂಗಿ ಹೇಳಿದರು: "ಏರ್ಸಕ್ಕೆ ಓಗ್ಬ್ಯಾಡ ಕಣವ್ವ. ನೀನಿರೋ ಜಾಗಕ್ಕೆ ಪೆಟ್ಗೆ ಬತ್ತದೆ, ಸುಮ್ಕಿರು." ಬಂತು ಕೂಡ. ಆಮೇಲಿನ ವರ್ಷಗಳಲ್ಲಿ ನಾನು ನನ್ನ ದನಿಯಲ್ಲೇ ಹಾಡಿದೆ.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಆ ಸುದ್ದಿ ಬಂತು. ನಾವು ಅಭ್ಯಾಸ ಮಾಡುತ್ತಿದ್ದದ್ದು ಹಿಟ್ಟಿನ ಗಿರಣಿಯ ಮೇಲಿನ ರೂಮಿನಲ್ಲಿ. ಗಿರಣಿ ನಿಂತರೆ ಹಾಡು, ಓಡಿದರೆ ಕಾಫಿ. ಚನ್ನರಾಯಪಟ್ಟಣದಿಂದ ಬರುತ್ತಿದ್ದ ತಬಲಾ ಶಿವು ಅವತ್ತು ಮೆಟ್ಟಿಲು ಹತ್ತುತ್ತಲೇ ಹೇಳಿದ:

"ತುಂಬುರುನ ಗಿಟಾರ್ ಕಂಪ್ನಿಯೋರು ತಗತ್ತಾವ್ರಂತೆ ಕಣಣ್ಣಾ. ಎಸ್ರೂ ಅವ್ರಿಗೇ, ಎಲ್ಲಾನೂ ಅವ್ರಿಗೇ. ರಂಗಸ್ವಾಮಣ್ಣ ಬೆಂಗ್ಳೂರಿಗೆ ಓಗಿ ಅಲ್ಲೇ ಇದ್ಕಂಡು ಮಾಡುಸ್ಬೇಕಂತೆ."

ಯಾವ ಅಂಗಡಿಗೆ ಹೋದರೂ ತೂಗುಹಾಕಿರುತ್ತಿದ್ದದ್ದು ಆ ದೊಡ್ಡ ಕಂಪನಿಯ ಗಿಟಾರುಗಳೇ. ಇವರ ತೊಡೆಯ ಮೇಲೆ ಆಗ ಇದ್ದದ್ದೂ ಅವರದೇ. ಇವರು ಅದನ್ನು ಮೆಲ್ಲಗೆ ಗೋಡೆಗೆ ಒರಗಿಸಿದರು.

ನಮ್ಮ ತಂಡದ ಯಜಮಾನ ಅರಕಲಗೂಡಿನ ಮಂಜಣ್ಣ ಕೀಬೋರ್ಡ್ ಆರಿಸಿ, "ಬುಡ್ಲಾ, ನಮ್ ಡಬ್ಬಕ್ಕೂ ಟೈ ಕಟ್ತಾರೆ," ಎಂದರು.

"ಟೈ ಕಟ್ಟಿದ್ ಡಬ್ಬ ಬಸ್ಸಿನ ಟಾಪ್ ಮ್ಯಾಲೆ ಕುಂತು ನುಗ್ಗೇಹಳ್ಳಿಗೆ ಬತ್ತದಾ, ಕೇಳು," ಎಂದ ಶಿವು.

ನಕ್ಕೆವು. ನಗು ಬೇಗ ಮುಗಿಯಿತು. ಅವರು ಹೋದರೆ ನಮ್ಮನ್ನು ಅಡುಗೆಮನೆಯಲ್ಲಿ ಕೂತು ಕೇಳುವವರು ಯಾರು ಎಂಬುದು ಎಲ್ಲರ ತಲೆಯಲ್ಲೂ ಇತ್ತು. ಯಾರೂ ಬಾಯಿ ಬಿಡಲಿಲ್ಲ. ಇವರು ಮಾತ್ರ, "ಹೋಗ್ತಾರೋ ಇಲ್ವೋ, ಅವರನ್ನೇ ಒಂದು ಮಾತು ಕೇಳಿದ್ರೆ?" ಎಂದರು.

"ಏನಂತ ಕೇಳ್ತೀಯ?" ಎಂದರು ಮಂಜಣ್ಣ. "ನಮ್ ಮದ್ವೆಮನೆ ಹಾಡಿಗೋಸ್ಕರ ನೀನಿಲ್ಲೇ ಬಿದ್ದಿರು ಅಂತಲಾ? ದೊಡ್ಡೋರು ಕರ್ದವ್ರೆ. ನಾವು ನಗ್ನಗ್ತಾ ಕಳಿಸ್ಬೇಕು. ಅದೇ ಮರ್ಯಾದೆ."

ಮರ್ಯಾದೆ ಎಂದ ಮೇಲೆ ಇನ್ನೇನು, ಸನ್ಮಾನವೇ. ಒಂದು ಭಾನುವಾರ ಬೆಳಿಗ್ಗೆ ಹಾಸನದ ಛತ್ರದಲ್ಲಿ ಸುತ್ತಲಿನ ತಾಲ್ಲೂಕುಗಳ ಹಾಡುಗಾರರು, ವಾದ್ಯದವರೆಲ್ಲ ಸೇರಿದರು. ಮೈಸೂರು ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ. ನಾನು ಪ್ರಾರ್ಥನೆ ಹಾಡಿದೆ. ಭಾಷಣ ಮಾಡಿದವರೆಲ್ಲ ‘ನಮ್ಮನ್ನಗಲಿ ಹೋಗುತ್ತಿರುವ’ ಎಂದೇ ಶುರುಮಾಡಿದರು. ಶಾಲು ಹೊದಿಸಿದ್ದು ಇವರು.

ಕೊನೆಗೆ ರಂಗಸ್ವಾಮಣ್ಣ ಎದ್ದು ಮೈಕಿನ ಮುಂದೆ ನಿಂತರು. ಪೇಟ ಸ್ವಲ್ಪ ದೊಡ್ಡದಾಗಿ ಹುಬ್ಬಿನವರೆಗೂ ಇಳಿದಿತ್ತು. "ಏನೋ ಯೋಳಾನ ಅಂತ ಬಂದಿದ್ದೆ. ನೀವೆಲ್ಲ ಇಷ್ಟು ಯೋಳಿದ ಮ್ಯಾಲೆ ಅದೇನೂ ಬ್ಯಾಡ, ಬುಡಿ," ಎಂದು ಕೈಮುಗಿದು ಕೂತುಬಿಟ್ಟರು. ದುಃಖಕ್ಕೆ ಮಾತು ಹೊರಡಲಿಲ್ಲವೆಂದು ನಾವು ಜೋರಾಗಿ ಚಪ್ಪಾಳೆ ತಟ್ಟಿದೆವು.

ಆ ತಿಂಗಳೇ ಅವರು ಬೆಂಗಳೂರಿಗೆ ಹೋದರು. ಮುಂದೆ ಹೊಸ ತುಂಬುರುಗಳು ಬಂದವು, ಕಪ್ಪು ಪ್ಲಾಸ್ಟಿಕ್ಕಿನವು, ನೋಡಲು ಚೆನ್ನಾಗಿಯೇ ಇದ್ದವು. ಅವುಗಳಲ್ಲಿ ನಾನು ಹಾಡಿದರೂ ಒಂದೇ, ಪಕ್ಕದೂರಿನವಳು ಹಾಡಿದರೂ ಒಂದೇ. ನನ್ನ ಹಳೆಯ ಪೆಟ್ಟಿಗೆ ಕೆಟ್ಟ ಮೇಲೆ ನಾನು ಮತ್ತೆ ಏರಿಸಿ ಹಾಡತೊಡಗಿದೆ. ಸ್ವಲ್ಪ ದಿನದಲ್ಲಿ ಹಾಡುವುದನ್ನೇ ನಿಲ್ಲಿಸಿದೆ. ತಂಡವೂ ಕರಗಿತು. ಯಾರೂ ಜಗಳವಾಡಲಿಲ್ಲ, ಸುಮ್ಮನೆ ಬರುವುದು ಬಿಟ್ಟರು. ಇವರ ಗಿಟಾರಿನ ತಂತಿ ತುಕ್ಕು ಹಿಡಿದದ್ದನ್ನು ನಾನು ಧೂಳು ಹೊಡೆಯುವಾಗ ನೋಡುತ್ತೇನೆ, ಇವರಿಗೆ ಹೇಳುವುದಿಲ್ಲ.

ನಿನ್ನೆ ಕಾಫಿ ಕುಡಿಯುತ್ತಾ ಜಯಕ್ಕ ಕಿಟಕಿಯಾಚೆಯ ಶಾಲುಗಳನ್ನೇ ನೋಡುತ್ತಿದ್ದರು. ಆಮೇಲೆ ಹೇಳಿದರು:

"ಅವತ್ತು ಛತ್ರಕ್ಕೆ ಬರಾಕ್ ಮುಂಚೆ ಕಂಪ್ನಿಯೋರಿಗೆ ಫೋನ್ ಮಾಡಿ, ನಾನು ಬರಲ್ಲ ಅಂದ್ಬುಟ್ಟಿದ್ರು ಕಣಮ್ಮ. ನಿಮಗೆಲ್ಲ ಸಭೇಲೇ ಯೋಳಿ ಖುಸಿ ಪಡಿಸ್ಬೇಕು ಅಂತ ಅವ್ರ ಆಸೆ. ಬಸ್ಸಲ್ಲಿ ಬರ್ತಾ ಒಬ್ರೇ ನಗ್ತಿದ್ರು."

ನಾನು ಲೋಟ ಕೆಳಗಿಟ್ಟೆ.

"ವಾಪಸ್ ಬರ್ವಾಗ, ‘ಎಲ್ರೂ ಕಳ್ಸಕ್ಕೆ ತಯಾರಾಗವ್ರೆ ಕಣೇ, ಶಾಲು ಒದ್ಕಂಡು ಇನ್ನೂ ಇಲ್ಲೇ ಕುಂತ್ರೆ ಏನಂದ್ಕಂಡಾರು’ ಅಂದ್ರು. ಮಾರ್ನೆ ದಿವ್ಸ ಕಂಪ್ನಿಯೋರಿಗೆ ಮತ್ತೆ ಫೋನ್ ಮಾಡಿ ಬತ್ತೀನಿ ಅಂದ್ರು."

"ಒಂದು ಮಾತು ಹೇಳಬಾರದಿತ್ತಾ ಜಯಕ್ಕ?"

"ಒಬ್ರಾದ್ರೂ ಇರು ಅಂದಿದ್ರೆ ಯೋಳೋರು."

ಕಂಪನಿ ಈಗ ರಂಗಸ್ವಾಮಣ್ಣನನ್ನು ಕೆಲಸದಿಂದ ಬಿಡಿಸಿದೆಯಂತೆ. ಬೆಂಗಳೂರಿನಲ್ಲಿ ಬಾಡಿಗೆಮನೆ, ರೇಡಿಯೋ ಕೂಡ ಹಾಕುವುದಿಲ್ಲವಂತೆ. ಊರಿನ ಪಡಸಾಲೆ ಹಾಗೆಯೇ ಬೀಗ ಹಾಕಿಕೊಂಡಿದೆ. ಊರಿಗೆ ಹೋಗೋಣ ಬನ್ನಿ ಎಂದು ಜಯಕ್ಕ ಕರೆದರೆ, ಅಷ್ಟು ದೊಡ್ಡದಾಗಿ ಕಳಿಸಿಕೊಟ್ಟಿದ್ದಾರೆ, ಯಾವ ಮುಖ ಇಟ್ಟುಕೊಂಡು ಹೋಗಲಿ ಎನ್ನುತ್ತಾರಂತೆ. ಜಯಕ್ಕ ಅಳಲಿಲ್ಲ. ನಲ್ಲಿ ಸೋರುತ್ತಿದೆ, ವಾಶರ್ ಹಾಕಿಸು ಎಂದು ಹೇಳಿ, ಬಸ್ಸಿನ ಹೊತ್ತಾಯಿತೆಂದು ಎದ್ದರು. ಈ ವಾರವೆಲ್ಲ ನರಸೀಪುರದಲ್ಲಿ ತಮ್ಮನ ಮನೆಯಲ್ಲಿದ್ದು ಆಮೇಲೆ ಬೆಂಗಳೂರಿಗೆ ಹೋಗುತ್ತಾರೆ.

ಸಂಜೆ ಇವರು ಆಫೀಸಿನಿಂದ ಬಂದು ಕೈಕಾಲು ತೊಳೆದು ಕೂತ ಮೇಲೆ ಎಲ್ಲ ಹೇಳಿದೆ.

"ಅವತ್ತು ಊಟಕ್ಕೆ ನನ್ನ ಪಕ್ಕದಲ್ಲೇ ಕೂತಿದ್ರು ಕಣೇ," ಎಂದರು. "ಹೋಳಿಗೆ ಹಾಕಿಸ್ಕೊಳ್ಳಿ, ಅಲ್ಲಿ ಇಂಥದ್ದು ಸಿಗಲ್ಲ ಅಂತ ನಾನೇ ಅಂದೆ."

ಆಮೇಲೆ, "ಮಂಜಣ್ಣ, ಶಿವು ಎಲ್ಲರಿಗೂ ಹೇಳಿ, ಒಟ್ಟಿಗೆ ಹೋಗಿ ಕರೆಯೋಣ್ವಾ?" ಎಂದು ಕೇಳಿದರು.

"ಬೇಡ ರೀ. ಎಲ್ಲರೂ ಸೇರಿದ್ದಕ್ಕೇ ಅಲ್ವಾ ಅವರು ಹೋಗಿದ್ದು. ಜಯಕ್ಕನ ಜೊತೆ ನೀವೊಬ್ಬರೇ ಹೋಗಿ, ಬನ್ನಿ ಅನ್ನಿ."

"ಅಷ್ಟೇನಾ?"

"ಅಷ್ಟೇ."

ಇವರು ಹೂಂ ಅನ್ನಲಿಲ್ಲ, ಜಯಕ್ಕ ಬೆಂಗಳೂರಿಗೆ ಹೊರಡುವುದು ಯಾವತ್ತು ಎಂದು ಕೇಳಿದರು. ಮುದ್ದೆ, ಹುರುಳಿಕಾಳಿನ ಸಾರು ಉಂಡೆವು. ಸಾರಿಗೆ ಉಪ್ಪು ಕಡಿಮೆಯಾಗಿತ್ತು, ಇಬ್ಬರೂ ಹೇಳಲಿಲ್ಲ. ಯಾವಾಗಲೂ ದಿಂಬಿಗೆ ತಲೆ ಕೊಟ್ಟರೆ ಸಾಕು, ಇವರಿಗೆ ನಿದ್ದೆ. ನಿನ್ನೆ ನಾನೇ ಮೊದಲು ನಿದ್ದೆಹೋದೆ, ಇವರು ಇನ್ನೂ ಎದ್ದೇ ಇದ್ದರು.