ಮೇವು ತಿನ್ನದ ಗಾಡಿಗೆ ಮೇವಿನ ರೊಕ್ಕ

ಮುಕ್ಕುಂದದ ಯಮನೂರಪ್ಪ ಅರ್ಧ ಆಯುಷ್ಯ ಕುರಿ ಕಾಯ್ದವನು. ಇದ್ದಬದ್ದ ಬೀಳೆಲ್ಲ ಭತ್ತದ ಗದ್ದೆಯಾಗಿ ಕುರಿಗೆ ಬಾಯಿ ಹಾಕಲು ಜಾಗವಿಲ್ಲದಂತಾದಾಗ, ಹಿಂಡು ಮಾರಿ ಲಿಂಗಸೂಗೂರಿನ ಇಮಾಮ್‌ಸಾಬರ ಹಳೇ ಓಮ್ನಿ ಗಾಡಿ ಕೊಂಡ. ನಾಟಿ ಹಚ್ಚುವ ಹೆಣ್ಣಾಳುಗಳನ್ನು ಆರ್.ಎಚ್. ಕ್ಯಾಂಪಿನ ಗದ್ದೆಗಳಿಗೆ ಮುಟ್ಟಿಸಿ ಹೊಟ್ಟೆ ಹೊರೆಯುತ್ತಿದ್ದ. ಗಾಡಿಯ ಕಾಗದದಲ್ಲಿ ಹೆಸರು ಬದಲಿಸಲು ಮಾರಿದವರಿಗೂ ಕೊಂಡವನಿಗೂ ಪುರುಸೊತ್ತಾಗಲಿಲ್ಲ. ಕುರಿ ಮಾರುವಾಗ ಯಾರು ಹೆಸರು ಬದಲಿಸುತ್ತಾರೆ? ಕೈಗೆ ಹಗ್ಗ ಕೊಟ್ಟರೆ ವ್ಯಾಪಾರ ಮುಗಿಯಿತು. ಗಾಡಿಯನ್ನೂ ಹಾಗೇ ಅಂದುಕೊಂಡದ್ದೇ ಅವನಿಗೆ ಮುಳುವಾಯಿತು.

ಒಂದು ದಿನ ಆಳುಗಳನ್ನು ಇಳಿಸಿ ಬರುತ್ತ ಸಿಂಧನೂರಿನಲ್ಲಿ ಒಗ್ಗರಣಿ-ಮಿರ್ಚಿ ತಿನ್ನಲು ನಿಂತ. ಕೈ ತೊಳೆದು ಹೊರಗೆ ಬಂದರೆ ಗಾಡಿ ಮಂಗಮಾಯ.

"ಕ್ರೇನಿನವ್ರು ಎತ್ಕೊಂಡು ಹೋದ್ರಪಾ. ಅಲ್ಲಿ ಗಾಡಿ ನಿಲ್ಲಸಂಗಿಲ್ಲ," ಅಂದ ಮಿರ್ಚಿ ಅಂಗಡಿಯವನು. ಮೊದಲೇ ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತೋ!

ಹಿಡಿದ ಗಾಡಿಗಳನ್ನೆಲ್ಲ ಊರ ಹೊರಗೆ ತಂತಿಬೇಲಿಯ ಬಯಲಲ್ಲಿ ನಿಲ್ಲಿಸಿದ್ದರು. ಅಲ್ಲಿ ಕಾವಲಿಗಿದ್ದ ಜಬೀವುಲ್ಲಾ ಚಲೋ ಹುಡುಗ, ಲೆಕ್ಕ ಬಿಡಿಸಿ ಹೇಳಿದ. ದಂಡ ಬೇರೆ, ಕ್ರೇನಿನ ಬಾಡಿಗೆ ಬೇರೆ, ಗಾಡಿ ಇಲ್ಲಿ ನಿಂತಷ್ಟು ದಿನದ ಬಾಡಿಗೆ ಬೇರೆ.

"ನನ್ನ ಕೇಳದಂಗ ನನ್ನ ಗಾಡಿ ಎಳಕೊಂಡು ಬಂದು, ಎಳೆದ ಕೂಲಿ ನನ್ನ ಕಡೆನೇ ಕೇಳ್ತೀರೇನು ತಮ್ಮಾ?"

"ಮಂದಿ ಬೆಳೆಯಾಗ ದನ ಬಿದ್ರ ಹಿಡಿದು ಕೊಂಡವಾಡದಾಗ ಹಾಕ್ತಾರಲ್ಲ ಕಾಕಾ, ಹಂಗ ತಿಳ್ಕೋರಿ."

ಕುರಿ ಕಾಯ್ದವನಿಗೆ ಈ ಮಾತು ತಟ್ಟನೆ ತಿಳಿಯಿತು. ಆದರೆ ಒಂದು ಮುಳ್ಳು ಉಳಿಯಿತು. "ಕೊಂಡವಾಡದಾಗ ದಿನದ ರೊಕ್ಕ ಮೇವಿಗೆ ತಗೋತಾರ. ಇದೇನು ತಿಂತೈತಿ?"

ಜಬೀವುಲ್ಲಾ ನಕ್ಕ. ದಫ್ತರದ ಹಾಳೆ ತಿರುವಿದ. "ಕಾಗದದಾಗ ಇಮಾಮ್‌ಸಾಬ್ ಅಂತ ಐತಿ. ಅವ್ರು ಬಂದು ಸಹಿ ಮಾಡ್ಬೇಕು. ಲಗೂನ ಕರಕೊಂಡು ಬರ್ರಿ, ಬಾಡಿಗಿ ಏರಾಕತ್ತೈತಿ."

ಮಸ್ಕಿ ಮೇಲೆ ಹಾಯ್ದು ಲಿಂಗಸೂಗೂರಿಗೆ ಓಡಿದ. ಬಾಗಿಲು ತೆರೆದವಳು ಇಮಾಮ್‌ಸಾಬರ ಹೆಂಡತಿ ಮಕ್ತುಂಬೀ. "ಅವ್ರು ಉಮ್ರಾಕ್ಕ ಮಕ್ಕಾಕ್ಕ ಹೋಗ್ಯಾರ ಯಣ್ಣಾ. ಇನ್ನ ಬರಾದು ಮುಂದಿನ ತಿಂಗಳ," ಅಂದಳು, ಚಹಾ ಕೊಟ್ಟಳು. ದೇವರ ಮನೆಗೆ ಹೋದವನನ್ನು ಬೈಯುವುದಾದರೂ ಹೇಗೆ? ತಿರುಗಿ ಬರುವಾಗ ಮಸ್ಕಿಯಲ್ಲಿ ಬಸ್ಸು ನಿಂತಾಗ ಯಮನೂರಪ್ಪ ಕಿಟಕಿಯ ಕಡೆ ಮುಖ ಮಾಡಿ ಅತ್ತ.

ಮುಂದೆ ಅವನಿಗೆ ಉಳಿದ ಕೆಲಸವೆಂದರೆ ಆಗಾಗ ಆ ಬಯಲಿಗೆ ಹೋಗಿ ಬೇಲಿಯಾಚೆಯಿಂದ ಗಾಡಿ ನೋಡಿ ಬರುವುದು. ಹೆಣ್ಣಾಳುಗಳು ಬೇರೆಯವರ ಆಟೋ ಹತ್ತಿದರು. ನಾಟಿ ಮುಗಿಯುತ್ತ ಬಂತು. ಬಾಡಿಗೆ ಮಾತ್ರ ಏರುತ್ತಲೇ ಇತ್ತು.

ಇಮಾಮ್‌ಸಾಬರು ಊರು ಮುಟ್ಟಿದ ಮರುದಿನವೇ ಖರ್ಜೂರದ ಪೊಟ್ಟಣ ಹಿಡಿದು ಸಿಂಧನೂರಿಗೆ ಬಂದು ಸಹಿ ಹಾಕಿದರು. ರೊಕ್ಕಕ್ಕಾಗಿ, ಹಿಂಡು ಮಾರುವಾಗ ಹೆಂಡತಿ ಗಿರಿಯಮ್ಮ ಹಟ ಹಿಡಿದು ಉಳಿಸಿಕೊಂಡಿದ್ದ ನಾಲ್ಕು ಕುರಿ ಸಂತೆಗೆ ಹೋದವು. "ಗಾಡಿ ಬಂದ್ರ ಮತ್ತ ತಗೊಂಡ್ರಾತು," ಅಂದಳು ಗಿರಿಯಮ್ಮ. ಮುಖ ಮಾತ್ರ ತೋರಿಸಲಿಲ್ಲ.

ರಸೀದಿ ಕೈಗೆ ಬಂದ ಮೇಲೆ ಯಮನೂರಪ್ಪ ಒಳಗೆ ಕೂತು ಕೀಲಿ ತಿರುವಿದ. ಗಾಡಿ ಮಿಸುಕಲಿಲ್ಲ. ಬ್ಯಾಟರಿ ಸತ್ತಿತ್ತು. ಇಲಿಗಳು ವೈರು ಕಡಿದು ಸೀಟಿನಡಿ ಸಂಸಾರ ಹೂಡಿದ್ದವು. ಇಮಾಮ್‌ಸಾಬರು, ಜಬೀವುಲ್ಲಾ, ಅವನು ಮೂವರೂ ಸೇರಿ ದಬ್ಬಿದರು, ಬೆವರು ಸುರಿದದ್ದೇ ಬಂತು.

"ಹಿಂಗ ಹೋಗಂಗಿಲ್ಲ ಕಾಕಾ," ಅಂದ ಜಬೀವುಲ್ಲಾ ಮೆಲ್ಲಗೆ. "ಮತ್ತ ಕ್ರೇನಿನವ್ರಿಗೇ ಹೇಳ್ಬೇಕು."

ಮತ್ತೆ ಎಳೆದ ಕೂಲಿ! ಇಮಾಮ್‌ಸಾಬರು ತಲೆ ತಗ್ಗಿಸಿದರು. ಯಮನೂರಪ್ಪ ಗಾಡಿಯ ಮೈಮೇಲಿನ ಧೂಳನ್ನು ಅಂಗೈಯಿಂದ ಒರೆಸಿದ.

"ದಿನಾ ಮೇವಿನ ರೊಕ್ಕ ತಗೊಂಡ್ರಿ ತಮ್ಮಾ," ಅಂದ. "ಉಪಾಸ ಕೆಡವಿ ಕೊಂದ್ರಲ್ಲ."