ಗುಂಡಿಯ ಅರ್ಧ ಇಂಚು

ನನ್ನ ಮೊಮ್ಮಗಳನ್ನು ಮನೆಯಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರಿಗೂ ಅವಳು ಗುಂಡಿ. ಅಂಬೆಗಾಲಿಡುವಾಗ ನಮ್ಮ ಹೊಲಿಗೆ ಅಂಗಡಿಯ ಗುಂಡಿ ಡಬ್ಬಿಯೇ ಅವಳ ಆಟಿಕೆ. ಒಂದು ಸಲ ಕೋಟಿನ ಗುಂಡಿಯೊಂದನ್ನು ನುಂಗಿ ನಮ್ಮೆಲ್ಲರ ಜೀವ ಬಾಯಿಗೆ ತರಿಸಿದಳು. ಗುಂಡಿ ಮಾರನೆಯ ದಿನ ತಾನಾಗಿಯೇ ಹೊರಗೆ ಬಂತು, ಹೆಸರು ಮಾತ್ರ ಅಂಟಿಕೊಂಡಿತು. ಶಾಲೆಯಲ್ಲಿ ಹುಡುಗರು "ಗುಂಡಿ ಅಂದ್ರೆ ಹಳ್ಳ" ಅಂತ ರೇಗಿಸಿದರೆ, "ಹೌದು, ನೋಡ್ಕೊಂಡು ನಡೀರಿ, ಬಿದ್ದೀರ" ಅನ್ನುತ್ತಿದ್ದಳು. ಅಂಥ ಬಾಯಿ. ಆ ಬಾಯಿ ಈಗ ಎಷ್ಟು ಕಮ್ಮಿಯಾಗಿದೆ ಅಂತ ಹೇಳುವುದಕ್ಕೇ ನಾನು ಹೊರಟದ್ದು, ಎಲ್ಲೋ ಹೋಗಿಬಿಟ್ಟೆ.

ಅಂಗಡಿ ದೊಡ್ಡದೇನಲ್ಲ. ಕಿಟಕಿಯ ಪಕ್ಕ ಬಟ್ಟೆ ಕತ್ತರಿಸುವ ಮೇಜು, ಎರಡು ಮಷಿನ್ನು, ಮೂಲೆಯಲ್ಲಿ ಬಟ್ಟೆ ಹಾಕಿಕೊಂಡು ನೋಡಲು ಒಂದು ಪರದೆ, ಪರದೆಯ ಹಿಂದೆ ಒಂದು ಕನ್ನಡಿ. ಹೊಸ ಬಟ್ಟೆ ಹೊಲಿಸುವವರು ಈಗ ಕಮ್ಮಿ. ಉದ್ದ ಕತ್ತರಿಸುವುದು, ಜಿಪ್ ಬದಲಿಸುವುದು, ಸೊಂಟ ಬಿಚ್ಚಿ ಸಡಿಲ ಮಾಡುವುದು, ಇದೇ ಕೆಲಸ. ಸೊಂಟ ಸಡಿಲ ಮಾಡಿಸಲು ಬಂದವರು ಯಾರೂ ತಾವು ದಪ್ಪಗಾಗಿದ್ದೇವೆ ಅನ್ನುವುದಿಲ್ಲ. ಬಟ್ಟೆ ಕುಗ್ಗಿದೆ ಅನ್ನುತ್ತಾರೆ. ನಾನೂ ಹೌದು ಹೌದು, ಈಗಿನ ಬಟ್ಟೆಯೇ ಹಾಗೆ ಅನ್ನುತ್ತೇನೆ. ಅಳತೆ ತೆಗೆದಾಗ ಸಂಖ್ಯೆಯನ್ನು ಗಟ್ಟಿಯಾಗಿ ಹೇಳಬಾರದು ಅನ್ನುವುದು ನಾನು ಗುಂಡಿಗೆ ಕಲಿಸಿದ ಮೊದಲ ಪಾಠ. ಮನುಷ್ಯರ ಮಾನ ಸೊಂಟದಲ್ಲೇ ಇರುತ್ತದೆ ನೋಡಿ.

ಓದು ಮುಗಿಸಿ ಅವಳು ನನ್ನ ಜೊತೆಯೇ ಅಂಗಡಿಗೆ ಬಂದಳು. ಅವಳ ಅಮ್ಮ, ಅಂದರೆ ನನ್ನ ಮಗಳು, ಬಸ್ಸಿನಲ್ಲಿ ಟಿಕೆಟ್ ಕೊಡುವ ಕೆಲಸದವಳು. ಬೆಳಿಗ್ಗೆ ಹೋದರೆ ಕತ್ತಲಾಗುವ ಹೊತ್ತಿಗೆ ಕಾಲು ಊದಿಸಿಕೊಂಡು ಬರುತ್ತಾಳೆ. ಹಾಗಾಗಿ ಹುಡುಗಿ ಬೆಳೆದದ್ದು ನನ್ನ ಮಷಿನ್ನಿನ ಕೆಳಗೆ. ಕೈ ನನಗಿಂತ ಚೊಕ್ಕ. ಅವಳು ಹಾಕಿದ ಜಿಪ್ಪು ಒಮ್ಮೆಯೂ ಸಿಕ್ಕಿಹಾಕಿಕೊಂಡದ್ದಿಲ್ಲ.

ಒಂದು ವರ್ಷ ಚಳಿಗಾಲದಲ್ಲಿ ಅವಳ ಸ್ಕರ್ಟು ಬಿಗಿಯಾಯಿತು. ಊಟ ಮುಗಿಸಿ ಮಷಿನ್ನಿಗೆ ಕೂತವಳು, ಕೂತ ಹಾಗೇ ಸೊಂಟದ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಂಡಳು. ಸ್ವಲ್ಪ ದಿನಕ್ಕೆ ಇನ್ನೊಂದು ಸಲ ಬಿಚ್ಚಿದಳು. "ಬಟ್ಟೆ ಕುಗ್ಗಿದೆ ಅಜ್ಜಿ" ಅಂದಳು, ಇಬ್ಬರೂ ನಕ್ಕೆವು. ಹೊಟ್ಟೆ ಉಬ್ಬರ ಅನ್ನುತ್ತಿದ್ದಳು, ನಾವೂ ಗ್ಯಾಸು ಅನ್ನುತ್ತಿದ್ದೆವು. ನೋವು ಬಂದು ಆಸ್ಪತ್ರೆಗೆ ಹೋದ ಮೇಲೆ ಗೊತ್ತಾಯಿತು, ಎಡಗಡೆಯ ಅಂಡಾಶಯದಲ್ಲಿ ಗಡ್ಡೆ. ತೆಗೆದು ಪರೀಕ್ಷೆ ಮಾಡಿದರೆ ಕ್ಯಾನ್ಸರು. ಅವಳಿಗಿನ್ನೂ ಇಪ್ಪತ್ತನಾಲ್ಕು.

ಬೇಗ ಸಿಕ್ಕಿತು ಅಂದರು ಡಾಕ್ಟರಮ್ಮ. ಮೊದಲನೇ ಹಂತ, ಹೊರಗೆ ಎಲ್ಲೂ ಹರಡಿಲ್ಲ, ಒಂದು ಕಡೆಯದು ತೆಗೆದಿದ್ದೇವೆ, ಇನ್ನೊಂದು ಚೆನ್ನಾಗಿದೆ, ಬೇರೆ ಔಷಧಿಯೂ ಬೇಡ, ಆಗಾಗ ಬಂದು ತೋರಿಸಿಕೊಂಡು ಹೋದರೆ ಸಾಕು. ನೋಡಲು ಬಂದವರೆಲ್ಲ ಅದೃಷ್ಟವಂತೆ ಅಂದರು. ಆ ಮಾತು ಕೇಳಿದಾಗಲೆಲ್ಲ ಗುಂಡಿ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಒಂದು ದಿನ ನನಗೆ ಹೇಳಿದಳು:

"ಅಜ್ಜಿ, ನನ್ನ ಸೊಂಟಾನ ನಾನೇ ಬಿಚ್ಚಿದೀನಿ. ನನ್ನ ಕೈಯಾರೆ. ಆಗಲೂ ಗೊತ್ತಾಗ್ಲಿಲ್ಲ."

"ಯಾರಿಗೆ ಗೊತ್ತಾಗುತ್ತೆ ಮಗಾ?"

"ಬೇರೆಯವರಿಗೆ ಗೊತ್ತಾಗದೆ ಇರಬಹುದು. ನಾನು ಟೈಲರು."

ಅವತ್ತಿನಿಂದ ಶುರುವಾಯಿತು ಅಳತೆ. ಬೆಳಿಗ್ಗೆ ಎದ್ದು ಹಲ್ಲುಜ್ಜುವುದಕ್ಕೂ ಮುಂಚೆ, ಬಚ್ಚಲಿನ ಬಾಗಿಲು ಹಾಕಿಕೊಂಡು, ಕುತ್ತಿಗೆಯಲ್ಲಿ ನೇತಾಡುವ ಟೇಪನ್ನೇ ಸೊಂಟಕ್ಕೆ ಸುತ್ತುವುದು. ನಮಗೇನೂ ಹೇಳುತ್ತಿರಲಿಲ್ಲ. ಆದರೆ ಆ ಲೋಹದ ತುದಿ ನಲ್ಲಿಗೆ ತಗುಲಿ ಟಿಣ್ ಅನ್ನುವುದು ಕೇಳುತ್ತಿತ್ತು. ಹೊರಗೆ ಬಂದಾಗ ಮುಖ ಸಡಿಲವಾಗಿದ್ದರೆ ಅವತ್ತಿನ ಮಟ್ಟಿಗೆ ನಮಗೂ ಅನ್ನ ಇಳಿಯುತ್ತಿತ್ತು. ಹಾಗೇ ಎರಡು ವರ್ಷ ಕಳೆಯಿತು. ತಪಾಸಣೆಗೆ ಹೋಗುವುದು, ಏನಿಲ್ಲ ಅನ್ನಿಸಿಕೊಂಡು ಬರುವುದು. ಬಂದ ವಾರ ಹಾಡು ಗುನುಗುತ್ತಾ ಹೊಲಿಯುತ್ತಿದ್ದಳು, ಆಮೇಲೆ ಹಾಡು ಸಣ್ಣಗಾಗುತ್ತಾ ನಿಂತುಹೋಗುತ್ತಿತ್ತು. ತನಗೆ ಅಂತ ಒಂದು ಬಟ್ಟೆ ಹೊಲಿದುಕೊಂಡಿರಲಿಲ್ಲ. ಯಾಕೆ ಅಂದರೆ, "ಇರೋದು ಸಾಕು" ಅನ್ನುವಳು.

ಇನ್ನು ಆ ಬೆಳಗಿನ ವಿಷಯ. ಬಚ್ಚಲಿನಿಂದ ಹೊರಗೆ ಬಂದವಳು ನೇರ ನನ್ನ ಮಂಚದ ಮೇಲೆ ಕೂತಳು.

"ಅರ್ಧ ಇಂಚು ಜಾಸ್ತಿ ಆಗಿದೆ ಅಜ್ಜಿ."

"ರಾತ್ರಿ ಊಟ ಜೋರಾಗಿತ್ತಲ್ಲ."

"ನಿನ್ನೇನೂ ಅಷ್ಟೇ ಇತ್ತು. ಮೊನ್ನೇನೂ."

ಅವಳ ಅಮ್ಮ ಬಸ್ಸಿನ ಸಮವಸ್ತ್ರದ ಗುಂಡಿ ಹಾಕಿಕೊಳ್ಳುತ್ತಿದ್ದವಳು ಹಾಗೇ ನಿಂತಳು. ಆಮೇಲೆ ಏನೂ ಆಗದವಳ ಹಾಗೆ, "ಆಸ್ಪತ್ರೆಗೆ ಫೋನ್ ಮಾಡ್ತೀನಿ, ಬೇಗ ಟೈಮ್ ಕೊಡಿ ಅಂತ ಕೇಳ್ತೀನಿ" ಅಂದಳು. ಅಂಗಿಯ ಗುಂಡಿಗಳನ್ನು ತಪ್ಪು ತಪ್ಪಾಗಿ ಹಾಕಿಕೊಂಡು, ಹಾಗೇ ಕೆಲಸಕ್ಕೆ ಹೋದಳು. ಆಸ್ಪತ್ರೆಯವರು ಮುಂದಿನ ವಾರ ಸ್ಕ್ಯಾನಿಂಗಿಗೆ ಬನ್ನಿ ಅಂದರು.

ಆ ವಾರ ಹೇಗೆ ಕಳೆಯಿತು ಅಂತ ಕೇಳಬೇಡಿ. ಮಷಿನ್ನು ಓಡುತ್ತಿತ್ತು, ಅಷ್ಟೇ. ಗುಂಡಿ ಮಾತಾಡಿದ್ದು ಗಿರಾಕಿಗಳ ಜೊತೆ ಮಾತ್ರ. ಊಟಕ್ಕೆ ಕೂತರೆ ತುತ್ತು ಎಣಿಸುವವಳ ಹಾಗೆ ತಟ್ಟೆ ನೋಡುತ್ತಿದ್ದಳು. ತಿಂದರೆ ಹೊಟ್ಟೆ ಉಬ್ಬುತ್ತದೆ, ತಿನ್ನದಿದ್ದರೆ ಕಾಯಿಲೆಯವಳ ಹಾಗೆ ಸೊರಗುತ್ತೇನೆ, ಅವಳಿಗೆ ಎರಡೂ ಭಯ.

ಅಷ್ಟರಲ್ಲಿ ಅಂಚೆ ಕಚೇರಿಯ ಗುಮಾಸ್ತ ಬಂದ. ಗೊತ್ತಲ್ಲ, ಕಡ್ಡಿ ಹಾಗಿರುವವನು, ಗಾಳಿ ಜೋರಾಗಿ ಬೀಸಿದರೆ ಕಂಬ ಹಿಡಿದುಕೊಳ್ಳಬೇಕು. ಹೊಸ ಪ್ಯಾಂಟು ಹೊಲಿಸಿಕೊಂಡು ಹೋಗಿದ್ದ. ಅದನ್ನೇ ಹಾಕಿಕೊಂಡು, ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡು ಬಂದ.

"ಅಜ್ಜಿ, ಇದು ನನಗೆ ಹೊಲಿದದ್ದಾ, ನಮ್ಮ ಸಾಹೇಬರಿಗಾ?"

"ಸೊರಗಿದ್ದೀಯ ನೀನು" ಅಂದೆ.

"ಇನ್ನೂ ಸೊರಗೋದಕ್ಕೆ ನನ್ನ ಹತ್ರ ಏನಿದೆ ಅಜ್ಜಿ?"

ನಗು ಬಂತು, ಅವಮಾನವೂ ಆಯಿತು. ಇಷ್ಟು ವರ್ಷದಲ್ಲಿ ನನ್ನ ಕತ್ತರಿ ಹಾಗೆ ತಪ್ಪಿದ್ದಿಲ್ಲ. ಮೈ ಅಳತೆ ತೆಗೆದವಳು ಗುಂಡಿ, ಬಟ್ಟೆ ಕತ್ತರಿಸಿದವಳು ನಾನು. ಪರದೆಯ ಹಿಂದೆ ಹಳೆಯದನ್ನು ಹಾಕಿಕೊಂಡು, ಹೊಸ ಪ್ಯಾಂಟನ್ನು ಸರಿಮಾಡಲು ಬಿಟ್ಟು ಅವನು ಹೋದ ಮೇಲೆ, ಅವಳು ದಾರ ತರಲು ಹೊರಗೆ ಹೋಗಿದ್ದಾಗ, ನನಗೆ ಏನೋ ಹೊಳೆಯಿತು. ಅವಳ ಟೇಪು ಮೇಜಿನ ಮೇಲಿತ್ತು. ನನ್ನದನ್ನು ಕುತ್ತಿಗೆಯಿಂದ ತೆಗೆದು ಅದರ ಪಕ್ಕ ಚಾಚಿದೆ. ತುದಿಗೆ ತುದಿ ಸೇರಿಸಿ ಎಳೆದು ನೋಡಿದರೆ, ಸೊಂಟದ ಅಳತೆ ಬರುವ ಜಾಗದಲ್ಲಿ ನನ್ನ ಟೇಪಿನ ಗೆರೆ ಅರ್ಧ ಇಂಚು ಆಚೆಗೆ ಇತ್ತು.

ಇದನ್ನು ಬಿಡಿಸಿ ಹೇಳಬೇಕು. ಬಟ್ಟೆಯ ಟೇಪು ಎಳೆದು ಎಳೆದು ವರ್ಷಗಳಲ್ಲಿ ಹಿಗ್ಗುತ್ತದೆ. ಹಿಗ್ಗಿದ ಟೇಪು ಅಳತೆಯನ್ನು ಕಮ್ಮಿ ತೋರಿಸುತ್ತದೆ. ಗುಂಡಿಯದೂ ನನ್ನದೂ ಒಟ್ಟಿಗೇ ಕೊಂಡದ್ದು, ಒಟ್ಟಿಗೇ ಹಿಗ್ಗಿದ್ದವು. ಸ್ವಲ್ಪ ದಿನದ ಹಿಂದೆ ಅವಳು ದಪ್ಪ ಪರದೆ ಬಟ್ಟೆ ಕತ್ತರಿಸುವಾಗ ಕೆಳಗೆ ಸಿಕ್ಕಿದ್ದ ತನ್ನ ಟೇಪನ್ನೂ ಸೇರಿಸಿ ಕತ್ತರಿಸಿಬಿಟ್ಟಿದ್ದಳು. ಡ್ರಾಯರಿನಿಂದ ಹೊಸದು ತೆಗೆದು ಕುತ್ತಿಗೆಗೆ ಹಾಕಿಕೊಂಡಳು. ಎರಡೂ ಹಳದಿ, ಯಾರು ನೆನಪಿಟ್ಟುಕೊಳ್ಳುತ್ತಾರೆ? ಅವಳು ಹೊಸದರಲ್ಲಿ ಅಳೆದದ್ದನ್ನು ನಾನು ಹಿಗ್ಗಿದ್ದರಲ್ಲಿ ಕತ್ತರಿಸಿದ್ದಕ್ಕೇ ಗುಮಾಸ್ತನ ಪ್ಯಾಂಟು ಸಡಿಲವಾದದ್ದು. ಟೇಪು ಹಿಗ್ಗುತ್ತದೆ ಅನ್ನುವುದು ಯಾವ ಟೈಲರಿಗೂ ಗೊತ್ತಿರುವ ವಿಷಯ. ಮೊದಲು ತಪ್ಪಿದ್ದು ಗಿರಾಕಿಯ ಬಟ್ಟೆಯಾಗಿದ್ದರೆ ಅವಳಿಗೂ ಅದೇ ಹೊಳೆಯುತ್ತಿತ್ತು. ಮೊದಲು ತಪ್ಪಿದ್ದು ಅವಳದೇ ಸೊಂಟ, ಹಾಗಾಗಿ ಹೊಳೆಯಲಿಲ್ಲ.

ಅವಳು ಬರುವವರೆಗೂ ನನ್ನಿಂದ ಕೂರಲಾಗಲಿಲ್ಲ. ಬಾಗಿಲಲ್ಲೇ ಹಿಡಿದು ಎಳೆದುಕೊಂಡು ಬಂದು ಎರಡೂ ಟೇಪು ತೋರಿಸಿದೆ.

"ನೋಡು, ನಿನ್ನ ಸೊಂಟ ಇದ್ದ ಹಾಗೇ ಇದೆ. ಟೇಪು ಬೇರೆ, ಅಷ್ಟೇ. ಹುಚ್ಚಿ, ಒಂದು ವಾರ ಸತ್ತು ಬದುಕಿದೆವಲ್ಲ."

ಅವಳು ಬಗ್ಗಿ ನೋಡಿದಳು. ಉಗುರಿನಿಂದ ಗೆರೆ ಮುಟ್ಟಿದಳು. ನಕ್ಕಳು ಕೂಡ. ಎಷ್ಟು ದಿನಗಳಾಗಿತ್ತೋ ಆ ನಗು ಕಂಡು. ನಾನು ಅವಳ ಅಮ್ಮನಿಗೆ ಫೋನ್ ಮಾಡೋಣ ಅಂತ ತಿರುಗಿದೆ.

"ಅಜ್ಜಿ."

"ಏನು?"

"ಹಾಗಾದ್ರೆ ಎರಡು ವರ್ಷ ನಾನು ಅಳೆದದ್ದು ಹಿಗ್ಗಿದ ಟೇಪಿನಲ್ಲಿ."

"ಹೌದು."

"ಅದು ಒಂದೇ ದಿನ ಹಿಗ್ಗಿಲ್ಲ. ದಿನಾ ಸ್ವಲ್ಪ ಸ್ವಲ್ಪ ಹಿಗ್ಗಿದೆ. ನನ್ನ ಹೊಟ್ಟೇನೂ ಅದರ ಜೊತೆ ಸ್ವಲ್ಪ ಸ್ವಲ್ಪ ದಪ್ಪ ಆಗಿದ್ರೆ? ಅಳತೆ ಅಷ್ಟೇ ತೋರಿಸ್ತಾ ಇತ್ತು, ಅಲ್ವಾ?"

ನಾನು ಅಷ್ಟು ದೂರ ಯೋಚಿಸಿರಲಿಲ್ಲ. ಸಮಾಧಾನ ಅಂತ ತಂದುಕೊಟ್ಟದ್ದನ್ನು ಅವಳು ಒಂದೇ ಸಲ ತಿರುಗಿಸಿ ಹಿಂಬದಿ ತೋರಿಸಿಬಿಟ್ಟಳು. ಅರ್ಧ ಇಂಚಿಗೆ ಹೆದರಿದ್ದವಳು ಈಗ ಎರಡು ವರ್ಷಕ್ಕೆ ಹೆದರಿದಳು. ಮಷಿನ್ನಿಗೆ ಕೂತು ಆ ಗುಮಾಸ್ತನ ಪ್ಯಾಂಟಿನ ಹೊಲಿಗೆ ಬಿಚ್ಚಲು ಶುರುಮಾಡಿದಳು. ಕಣ್ಣೀರು ಬಟ್ಟೆಯ ಮೇಲೆ ಬಿದ್ದರೆ ಕಲೆಯಾಗುತ್ತದೆ ಅಂತ ಪ್ಯಾಂಟನ್ನು ಸ್ವಲ್ಪ ಪಕ್ಕಕ್ಕೆ ಹಿಡಿದುಕೊಂಡಿದ್ದಳು.

ಸ್ಕ್ಯಾನಿಂಗಿಗೆ ಮೂವರೂ ಹೋದೆವು. ಉದ್ದ ಓಣಿ, ಗೋಡೆಗೆ ಒರಗಿಸಿದ ಕುರ್ಚಿಗಳು, ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡುತ್ತಾ ಕೂತವರು. ನನ್ನ ಮಗಳು ಎದ್ದು ನೀರು ತಂದಳು, ಯಾರೂ ಕುಡಿಯಲಿಲ್ಲ. ಕೊನೆಗೆ ಡಾಕ್ಟರಮ್ಮ ಒಳಗೆ ಕರೆದರು. ಏನೂ ಇಲ್ಲ, ರಕ್ತದ ಪರೀಕ್ಷೆಯೂ ಚೆನ್ನಾಗಿದೆ ಅಂದರು. ನನ್ನ ಮಗಳು, ಸಮವಸ್ತ್ರದಲ್ಲಿದ್ದವಳು, ಸೆರಗೂ ಇಲ್ಲದೆ ಕರವಸ್ತ್ರವೂ ಇಲ್ಲದೆ ಅಂಗೈಯಲ್ಲೇ ಮುಖ ಒರೆಸಿಕೊಂಡಳು. ಗುಂಡಿ ಟೇಪಿನ ಕಥೆಯನ್ನೆಲ್ಲ ಹೇಳಿದಳು. ಡಾಕ್ಟರಮ್ಮ ನಗಲಿಲ್ಲ, ಪೂರ್ತಿ ಕೇಳಿಸಿಕೊಂಡರು.

"ಸೊಂಟ ಅಳೆದು ಇದನ್ನ ಕಂಡುಹಿಡಿಯೋಕೆ ಆಗಲ್ಲಮ್ಮ. ಉಬ್ಬರ ಬಂದು ಹೋಗದೆ ಉಳಿದ್ರೆ, ನೋವಿದ್ರೆ ಬಾ. ಇಲ್ಲದಿದ್ರೆ ಹೇಳಿದಾಗ ಬಾ ಸಾಕು."

"ಮತ್ತೆ ಬರಲ್ಲ ಅಂತ ಹೇಳಿ ಡಾಕ್ಟ್ರೇ."

"ಬರೋ ಸಾಧ್ಯತೆ ಕಮ್ಮಿ. ಬರೋದೇ ಇಲ್ಲ ಅಂತ ಹೇಳಿದ್ರೆ ಸುಳ್ಳಾಗುತ್ತೆ."

ಗುಂಡಿ ತಲೆಯಾಡಿಸಿದಳು. ಸುಳ್ಳು ಹೇಳದಿದ್ದಕ್ಕೆ ಅವಳಿಗೆ ಕೋಪ ಬರಲಿಲ್ಲ. ನನಗೆ ಬಂತು. ಒಂದು ಸಣ್ಣ ಸುಳ್ಳು ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು ಅನ್ನಿಸಿತು. ಈಗ ಯೋಚಿಸಿದರೆ, ಹೇಳಿದ್ದರೂ ನಮ್ಮ ಹುಡುಗಿ ನಂಬುತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಅವಳು ಅಳೆಯುವುದನ್ನು ಬಿಟ್ಟಳು. ನನಗೆ ಖುಷಿಯಾಯಿತು. ಒಂದು ಸ್ಕರ್ಟು ಹೊಲಿದುಕೊಡು ಅಜ್ಜಿ ಅಂದಾಗ ಇನ್ನೂ ಖುಷಿ. ಎರಡು ವರ್ಷದ ಮೇಲೆ ಹೊಸ ಬಟ್ಟೆ ಕೇಳಿದ್ದಾಳೆ, ಬೂದು ಬಣ್ಣದ ಒಳ್ಳೆ ಬಟ್ಟೆ ಆರಿಸಿದೆ. ಆರಾಮವಾಗಿರಲಿ ಅಂತ ಸೊಂಟಕ್ಕೆ ಎಲಾಸ್ಟಿಕ್ ಹಾಕಲು ಹೊರಟರೆ ಕೈ ಹಿಡಿದುಕೊಂಡಳು.

"ಎಲಾಸ್ಟಿಕ್ ಬೇಡ. ಗಟ್ಟಿ ಪಟ್ಟಿ ಹಾಕು. ಬಿಗಿಯಾದ್ರೆ ಗೊತ್ತಾಗಬೇಕು."

ಖುಷಿ ಹೊರಟುಹೋಯಿತು. ಆದರೂ ಕೇಳಿದ್ದನ್ನೇ ಹೊಲಿದೆ. ಪರದೆಯ ಹಿಂದಿನಿಂದ ಹಾಕಿಕೊಂಡು ಬಂದಳು. ಸೊಂಟದ ಪಟ್ಟಿಯೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು, ಅದು ನಮ್ಮ ಕೆಲಸದ ಲೆಕ್ಕ. ಹಾಕಿ ನೋಡಿದೆ, ಹೋಯಿತು. "ಸರಿಯಾಗಿ ನೋಡು" ಅಂದಳು. ಮತ್ತೆ ಹಾಕಿದೆ.

ಈಗ ಬೆಳಿಗ್ಗೆ ಬಚ್ಚಲಿನಲ್ಲಿ ಟಿಣ್ ಅನ್ನುವುದಿಲ್ಲ. ಸ್ಕರ್ಟು ಹಾಕಿಕೊಂಡು ನನ್ನ ಮಂಚದ ಪಕ್ಕ ಬಂದು ನಿಲ್ಲುತ್ತಾಳೆ, ನನಗೆ ಬೆನ್ನು ಮಾಡಿ. ಬಾಯಿಬಿಟ್ಟು ಏನೂ ಕೇಳುವುದಿಲ್ಲ. ನಾನು ಬೆರಳು ಹಾಕಿ ನೋಡುತ್ತೇನೆ, "ಹೋಗು, ಕೆಲಸ ನೋಡು" ಅನ್ನುತ್ತೇನೆ. ಅವಳಮ್ಮ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವ ಹಾಗೆ ಮಾಡುತ್ತಾ ಆ ಮಾತಿಗೆ ಕಾಯುತ್ತಾಳೆ.

ಮೊನ್ನೆ ಚಳಿ ಜಾಸ್ತಿಯಿತ್ತು. ಬೆರಳು ಹಾಕಿದರೆ ಹೋಗಲಿಲ್ಲ. ಬಿಗಿ. ನಾನು ಸುಮ್ಮನಾದೆ, ಅಷ್ಟಕ್ಕೇ ಅವಳ ಬೆನ್ನು ಕಲ್ಲಾಯಿತು.

"ನನ್ನ ಗೆಣ್ಣು ಊದಿದೆ ಮಗಾ" ಅಂದೆ. "ಚಳಿಗೆ ಹೀಗೇ."

ನಿಜವೇ. ಎರಡು ಬೆರಳೂ ಕೆಂಪಗೆ ಊದಿದ್ದವು. ಅವಳು ತಿರುಗಿ ನನ್ನ ಕೈ ನೋಡಿದಳು, ಮುಖ ನೋಡಿದಳು. ನಾನು ನಿಜ ಹೇಳುತ್ತಿದ್ದೇನೋ, ಡಾಕ್ಟರಮ್ಮ ಹೇಳದ ಸುಳ್ಳನ್ನು ಹೇಳುತ್ತಿದ್ದೇನೋ ಅಂತ ಹುಡುಕಿದಳು. ಆಮೇಲೆ ಮಂಚದ ಅಂಚಿನಲ್ಲಿ ಕೂತು, ನನ್ನ ಕೈಯನ್ನು ತನ್ನ ಎರಡೂ ಕೈಯೊಳಗೆ ಇಟ್ಟುಕೊಂಡು, ಒಂದೊಂದೇ ಗೆಣ್ಣನ್ನು ತಿಕ್ಕತೊಡಗಿದಳು. ಬಿಸಿಯಾದ ಮೇಲೂ ಬಿಡಲಿಲ್ಲ. ಇನ್ನೊಂದು ಸಲ ನೋಡು ಅಂತ ಅವಳು ಹೇಳಲಿಲ್ಲ. ನೋಡಲಾ ಅಂತ ನಾನೂ ಕೇಳಲಿಲ್ಲ.